ಸಿಡಿಮದ್ದು: ರಾಜಶಾಸನ ಮತ್ತು ಅನರ್ಥದಂಡವಿರತಿ

ಶ್ರಾವಕಾಚಾರ ಪಾಠ



ದೀಪಾವಳಿಯು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಏಳುವುದು. ಹಿಂದೆ ಅದು 'ಪಟಾಕಿ ಹಚ್ಚಬಹುದೇ?' ಎಂಬಷ್ಟೇ ಆಗಿತ್ತು. ಈಗ ಅದರ ರೂಪ ಬದಲಾಗಿದೆ. 'ಸರ್ಕಾರವೇ ಹಸಿರು ಪಟಾಕಿಗೆ ಅನುಮತಿ ಕೊಟ್ಟಿದೆ, ರಾತ್ರಿ ಎಂಟರಿಂದ ಹತ್ತರವರೆಗೆ ಹಚ್ಚಬಹುದೆಂದು ಹೇಳಿದೆ. ಕಾನೂನಿಗೆ ಒಳಪಟ್ಟು ಹಚ್ಚಿದರೆ ದೋಷವೇನು?' ಎಂದು ಮಕ್ಕಳು ಕೇಳುವರು. ಕೆಲವೊಮ್ಮೆ ಹಿರಿಯರೂ ಕೇಳುವರು.

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಶಾಸನಕ್ಕೆ ವಿಧೇಯನಾಗಿರುವುದು ಶ್ರಾವಕನಿಗೆ ಭೂಷಣವೇ ಸರಿ. ಆದರೆ ಶಾಸನವು ಎಲ್ಲಿಯವರೆಗೆ ಬರುವುದು, ಎಲ್ಲಿ ನಿಲ್ಲುವುದು, ಅದು ನಿಂತಲ್ಲಿಂದ ಮುಂದೆ ನಡೆಯಬೇಕಾದವರು ಯಾರು ಎಂಬುದನ್ನು ತಿಳಿಯದೆ ಉತ್ತರ ದೊರೆಯದು. ಆದುದರಿಂದ ಮೊದಲು ನಮ್ಮ ದೇಶದಲ್ಲಿ ಸಿಡಿಮದ್ದಿನ ನಿಯಂತ್ರಣಕ್ಕಾಗಿ ಇರುವ ಶಾಸನಗಳನ್ನೂ, ಅನಂತರ ಆಚಾರ್ಯರು ಹೇಳಿರುವ ಗುಣವ್ರತವನ್ನೂ ಕ್ರಮವಾಗಿ ಅಧ್ಯಯನ ಮಾಡೋಣ.

೧. ದೀಪಾವಳಿಗೆ ಸಿಡಿಮದ್ದು ಎಂದಿನಿಂದ?

ಭಗವಾನ್ ಮಹಾವೀರಸ್ವಾಮಿಯು ಪಾವಾಪುರಿಯಲ್ಲಿ ಅಮಾವಾಸ್ಯೆಯ ಉಷಃಕಾಲದಲ್ಲಿ ನಿರ್ವಾಣ ಹೊಂದಿದ ದಿನವೇ ನಮಗೆ ದೀಪಾವಳಿ. ಅಂದೇ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕವರ್ಷ ೭೦೫ರಲ್ಲಿ, ಅಂದರೆ ಕ್ರಿ.ಶ. ೭೮೩ರಲ್ಲಿ, ಪೂರ್ಣಗೊಳಿಸಿದ ಹರಿವಂಶಪುರಾಣದಲ್ಲಿ ಈ ಪರ್ವದ ಉಲ್ಲೇಖವಿದೆ. ಅಲ್ಲಿರುವುದು ದೀಪಗಳ ಸಾಲು. ಮದ್ದಿನ ಸದ್ದು ಅಲ್ಲಿಲ್ಲ. ಇರುವ ಸಂಭವವೂ ಇಲ್ಲ. ಏಕೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಕೂಡಿಸಿ ಮಾಡುವ ಮದ್ದು ಭಾರತದಲ್ಲಿ ಬಳಕೆಗೆ ಬಂದುದು ಅದಕ್ಕಿಂತ ಬಹು ಶತಮಾನಗಳ ನಂತರ.

ನಮ್ಮ ನಾಡಿನಲ್ಲಿ ಬಾಣಬಿರುಸುಗಳ ವಿಷಯವಾಗಿ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನದು ಮುಖ್ಯವಾದುದು. ಆತನು ಇಮ್ಮಡಿ ದೇವರಾಯನ ಕಾಲದಲ್ಲಿ, ೧೪೪೩ರಲ್ಲಿ, ವಿಜಯನಗರಕ್ಕೆ ಬಂದು ಮಹಾನವಮಿಯ ಉತ್ಸವದಲ್ಲಿ ಮದ್ದಿನ ಆಟಗಳನ್ನು ಕಂಡು ಬರೆದಿರುವನು. ಅದು ಅರಸನ ವೈಭವಪ್ರದರ್ಶನ; ನಿರ್ವಾಣದ ಪೂಜೆಯಲ್ಲ. ಆದುದರಿಂದ ಸಿಡಿಮದ್ದು ದೀಪಾವಳಿಯ ಅಂಗವೆಂಬ ಮಾತಿಗೆ ನಮ್ಮ ಆಗಮದಲ್ಲಾಗಲಿ ಪುರಾಣದಲ್ಲಾಗಲಿ ಆಧಾರವಿಲ್ಲವೆಂದು ತಿಳಿಯತಕ್ಕದ್ದು. ಇದು ತಡವಾಗಿ ಬಂದು ಸೇರಿದ ವಿನೋದ. ವಿನೋದಕ್ಕೆ ಮಿತಿ ಹಾಕಿದರೆ ಧರ್ಮಕ್ಕೆ ಕುಂದು ಬಾರದು.

೨. ಶಾಸನ ಮಾಡುವ ಅಧಿಕಾರ ಯಾರದು?

'ರಾಜ್ಯ ಸರ್ಕಾರವು ಒಂದೇ ಕಾಯಿದೆಯಿಂದ ಪಟಾಕಿಯನ್ನು ನಿಲ್ಲಿಸಬಾರದೇಕೆ?' ಎಂದು ಹಲವರು ಕೇಳುವರು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿಪಟ್ಟಿ ಎಂದು ಮೂರು ಪಟ್ಟಿಗಳಿವೆ. ಆಯುಧ, ಮದ್ದುಗುಂಡು ಮತ್ತು ಸ್ಫೋಟಕಗಳು ಕೇಂದ್ರಪಟ್ಟಿಯ ೫ನೆಯ ನಮೂದಿನಲ್ಲಿವೆ. ಪಟಾಕಿಯೂ ಸ್ಫೋಟಕವೇ. ೧೮೮೪ರ ಸ್ಫೋಟಕಗಳ ಅಧಿನಿಯಮವೂ, ಅದರ ಅಡಿಯಲ್ಲಿ ರಚಿತವಾದ ೨೦೦೮ರ ಸ್ಫೋಟಕಗಳ ನಿಯಮಾವಳಿಯೂ ದೇಶಕ್ಕೆಲ್ಲ ಒಂದೇ. ಅವುಗಳ ಉಸ್ತುವಾರಿಗೆ ನಾಗಪುರದಲ್ಲಿ ಕೇಂದ್ರ ಸರ್ಕಾರದ ಪ್ರತ್ಯೇಕ ಸಂಸ್ಥೆಯಿದೆ.

ಹಾಗಾದರೆ ರಾಜ್ಯದ ಕೈಯಲ್ಲಿ ಏನೂ ಇಲ್ಲವೇ? ಇದೆ. ಸಾರ್ವಜನಿಕ ಸುವ್ಯವಸ್ಥೆ, ಸಾರ್ವಜನಿಕ ಆರೋಗ್ಯ, ಸ್ಥಳೀಯ ಆಡಳಿತ ಇವು ರಾಜ್ಯಪಟ್ಟಿಯಲ್ಲಿವೆ. ಹಬ್ಬದ ತಾತ್ಕಾಲಿಕ ಮಳಿಗೆಗಳಿಗೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು. ತಪಾಸಣೆ ಮಾಡುವವರು ರಾಜ್ಯದ ಆರಕ್ಷಕರು ಮತ್ತು ಅಗ್ನಿಶಾಮಕ ದಳದವರು. ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮದ ೫ನೆಯ ಪ್ರಕರಣದ ಅಧಿಕಾರವನ್ನು ಕೇಂದ್ರವು ರಾಜ್ಯಗಳಿಗೂ ವಹಿಸಿದೆ. ದೆಹಲಿ ಸರ್ಕಾರವು ೨೦೨೪ರ ಡಿಸೆಂಬರಿನಲ್ಲಿ ವರ್ಷಪೂರ್ತಿ ಪಟಾಕಿಯ ತಯಾರಿಕೆ, ಸಂಗ್ರಹ, ಮಾರಾಟ, ಬಳಕೆಗಳನ್ನು ನಿಷೇಧಿಸಿದುದು ಇದೇ ಅಧಿಕಾರದಿಂದ. ಮುಂದೆ ೨೦೨೫ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರದೇಶದಲ್ಲಿ ದೀಪಾವಳಿಯ ಕೆಲವು ದಿನಗಳ ಮಟ್ಟಿಗೆ ಹಸಿರು ಪಟಾಕಿಗೆ ಅವಕಾಶ ನೀಡಿತು. ಕರ್ನಾಟಕದಲ್ಲಿಯೂ ೨೦೨೦ರ ನವೆಂಬರಿನಲ್ಲಿ, ಕೋವಿಡ್ ವ್ಯಾಧಿಯ ಕಾಲದಲ್ಲಿ, ಸರ್ಕಾರವು ಮೊದಲು ಪಟಾಕಿಯ ನಿಷೇಧವನ್ನು ಪ್ರಕಟಿಸಿ, ಅನಂತರ ಹಸಿರು ಪಟಾಕಿಗೆ ಮಾತ್ರ ಅನುಮತಿಯೆಂದು ತಿಳಿಸಿತು.

ಹೀಗೆ ಶಾಸನದ ಗೆರೆಯು ವರ್ಷದಿಂದ ವರ್ಷಕ್ಕೆ, ನ್ಯಾಯಾಲಯದ ಆದೇಶದಿಂದ ಆದೇಶಕ್ಕೆ ಸರಿಯುತ್ತಿರುವುದು. ಇದು ಆಕ್ಷೇಪದ ಮಾತಲ್ಲ. ಬಹುಜನರ ಹಿತ, ವ್ಯಾಪಾರದ ಹಕ್ಕು, ಕಾರ್ಮಿಕರ ಜೀವನೋಪಾಯ, ಉಸಿರಾಡುವ ಗಾಳಿ ಇವೆಲ್ಲವನ್ನೂ ತಕ್ಕಡಿಯಲ್ಲಿಟ್ಟು ತೂಗುವ ಶಾಸನದ ಸ್ವಭಾವವೇ ಹಾಗೆ. ಆದರೆ ಸರಿಯುತ್ತಿರುವ ಗೆರೆಯನ್ನೇ ಪಾಪಪುಣ್ಯಗಳ ಗೆರೆಯೆಂದು ಭಾವಿಸಿದವನ ಮನಸ್ಸು ಎಲ್ಲಿಯೂ ನಿಲ್ಲದು.

೩. ಶಾಸನದ ನಾಲ್ಕು ಅಳತೆಗಳು

ಯಾವ ವಿಷಯವನ್ನಾದರೂ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕರಿಂದ ವಿಚಾರಿಸುವುದು ನಮ್ಮ ಶಾಸ್ತ್ರಪದ್ಧತಿ. ಸಿಡಿಮದ್ದಿನ ಶಾಸನಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿ ನೋಡೋಣ.

(ಅ) ದ್ರವ್ಯ. ಯಾವ ವಸ್ತುವಿನಿಂದ ಮಾಡಿದ್ದು, ಎಷ್ಟು ಸದ್ದು ಮಾಡುವುದು ಎಂಬುದು ದ್ರವ್ಯದ ವಿಚಾರ. ಗಂಧಕದೊಡನೆ ಕ್ಲೋರೇಟ್ ಲವಣವನ್ನು ಬೆರೆಸಿದ ಮದ್ದು ಸ್ವಲ್ಪ ಉಜ್ಜಿದರೂ ಸಿಡಿಯುವಷ್ಟು ಅಪಾಯಕಾರಿ. ಅದನ್ನು ೧೯೯೨ರಲ್ಲಿಯೇ ನಿಷೇಧಿಸಲಾಯಿತು. ೧೯೯೯ರ ಅಧಿಸೂಚನೆಯಂತೆ, ಸಿಡಿಯುವ ಸ್ಥಳದಿಂದ ೪ ಮೀಟರ್ ದೂರದಲ್ಲಿ ೧೨೫ ಡೆಸಿಬಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಯನ್ನು ತಯಾರಿಸಕೂಡದು, ಮಾರಕೂಡದು, ಬಳಸಕೂಡದು. ೨೦೧೮ರ ಅಕ್ಟೋಬರ್ ೨೩ರಂದು ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದುವರಿದು ಬೇರಿಯಂ ಲವಣಗಳನ್ನೂ ಸರಪಟಾಕಿಯನ್ನೂ ನಿಷೇಧಿಸಿ, ಮಾಲಿನ್ಯ ಕಡಿಮೆ ಮಾಡುವ ಪಟಾಕಿಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಆ ವ್ಯಾಜ್ಯವು ೨೦೧೫ರಲ್ಲಿ ದೆಹಲಿಯ ಮೂವರು ಎಳೆಯ ಶಿಶುಗಳ ಹೆಸರಿನಲ್ಲಿ ಹೂಡಲಾಗಿದ್ದುದೆಂಬುದು ಸ್ಮರಣೀಯ. ಮಾತು ಬಾರದ ಮಕ್ಕಳ ಪರವಾಗಿ ಹಿರಿಯರು 'ನಮಗೆ ಉಸಿರಾಡಲು ಬಿಡಿ' ಎಂದು ಕೇಳಿದಂತಾಯಿತು.

(ಆ) ಕ್ಷೇತ್ರ. ಎಲ್ಲಿ ಮಾರಬೇಕು, ಎಲ್ಲಿ ಹಚ್ಚಬಾರದು ಎಂಬುದು ಕ್ಷೇತ್ರದ ವಿಚಾರ. ೨೦೦೮ರ ನಿಯಮಾವಳಿಯಂತೆ ಹಬ್ಬದ ತಾತ್ಕಾಲಿಕ ಮಳಿಗೆಗಳನ್ನು ಸುಲಭವಾಗಿ ಉರಿಯದ ವಸ್ತುವಿನಿಂದ ಕಟ್ಟತಕ್ಕದ್ದು, ಮಳಿಗೆಯಿಂದ ಮಳಿಗೆಗೆ ೩ ಮೀಟರ್, ವಾಸದ ಕಟ್ಟಡ ಮೊದಲಾದವುಗಳಿಂದ ೫೦ ಮೀಟರ್ ಅಂತರವಿರತಕ್ಕದ್ದು, ಮಳಿಗೆಗಳು ಎದುರುಬದುರಾಗಿರಕೂಡದು, ಎಣ್ಣೆಯ ದೀಪವಾಗಲಿ ತೆರೆದ ಉರಿಯಾಗಲಿ ಇರಕೂಡದು, ಒಂದೆಡೆ ೫೦ಕ್ಕಿಂತ ಹೆಚ್ಚು ಮಳಿಗೆಗಳಿರಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ೧೦೦ ಮೀಟರ್ ಪ್ರದೇಶವು ನಿಶ್ಶಬ್ದ ವಲಯ. ಅಲ್ಲಿ ಸದ್ದು ಮಾಡುವ ಪಟಾಕಿಗೆ ಎಂದೂ ಅವಕಾಶವಿಲ್ಲ.

(ಇ) ಕಾಲ. ೨೦೦೫ರ ಜುಲೈ ೧೮ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಪಟಾಕಿಯನ್ನು ಪೂರ್ಣವಾಗಿ ನಿಷೇಧಿಸಿತು. ೨೦೧೮ರ ತೀರ್ಪು ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತರವರೆಗೆ ಎರಡು ಗಂಟೆಗಳನ್ನು ಮಾತ್ರ ಗೊತ್ತುಪಡಿಸಿತು. ಪ್ರಾತಃಕಾಲದಲ್ಲಿ ಹಬ್ಬವನ್ನಾಚರಿಸುವ ದಕ್ಷಿಣದ ಪ್ರದೇಶಗಳಿಗಾಗಿ, ಎರಡು ಗಂಟೆಯ ಮಿತಿ ಮೀರದಂತೆ ಹೊತ್ತನ್ನು ಬದಲಿಸಿಕೊಳ್ಳಲು ಅನಂತರ ಒಪ್ಪಿತು.

ಇವುಗಳ ಜೊತೆಗೆ ವ್ಯಕ್ತಿಯ ಬಗೆಗೂ ಒಂದು ಕಟ್ಟಳೆಯಿದೆ. ಹದಿನೆಂಟು ವರ್ಷ ತುಂಬದವರು ಸ್ಫೋಟಕಗಳನ್ನು ತಯಾರಿಸುವುದನ್ನೂ ಮಾರುವುದನ್ನೂ ಇಟ್ಟುಕೊಳ್ಳುವುದನ್ನೂ ೧೮೮೪ರ ಅಧಿನಿಯಮಕ್ಕೆ ೧೯೭೮ರಲ್ಲಿ ಸೇರಿಸಿದ ಪ್ರಕರಣವು ನಿಷೇಧಿಸಿದೆ.

(ಈ) ಭಾವ. ಇಲ್ಲಿಗೆ ಬಂದಾಗ ಶಾಸನವು ಮೌನ ತಾಳುವುದು. ಎಷ್ಟು ಸದ್ದು, ಎಷ್ಟು ದೂರ, ಎಷ್ಟು ಹೊತ್ತು ಎಂದು ಅದು ಕೇಳುವುದು. 'ಏತಕ್ಕಾಗಿ?' ಎಂದು ಪಟಾಕಿ ಹಚ್ಚುವವನನ್ನು ಅದು ಕೇಳದು, ಕೇಳಲೂ ಆಗದು. ಆರಕ್ಷಕನ ಕೈಯಲ್ಲಿ ಸದ್ದನ್ನು ಅಳೆಯುವ ಯಂತ್ರವಿರಬಹುದು. ಭಾವವನ್ನು ಅಳೆಯುವ ಯಂತ್ರವಿಲ್ಲ. ಈ ನಾಲ್ಕನೆಯ ಅಳತೆಯೇ ವ್ರತದ ಕ್ಷೇತ್ರ.

೪. ಶಾಸನದ ಗಡಿ

ಮೊದಲ ಮೂರು ಅಳತೆಗಳಲ್ಲಿಯಾದರೂ ಶಾಸನವು ತಾನಾಗಿ ಸಫಲವಾಗುವುದೇ? ಮೂರು ಉದಾಹರಣೆಗಳನ್ನು ನೋಡೋಣ.

೨೦೧೬ರ ಏಪ್ರಿಲ್ ೧೦ರ ನಸುಕಿನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಾಲಯದಲ್ಲಿ ಬಾಣಬಿರುಸಿನ ದಾಸ್ತಾನಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಸ್ಪರ್ಧಾರೂಪದ ಆ ಪ್ರದರ್ಶನಕ್ಕೆ ಜಿಲ್ಲಾಡಳಿತವು ಅನುಮತಿ ನಿರಾಕರಿಸಿತ್ತು. ಕಾಗದದ ಮೇಲೆ 'ಕೂಡದು' ಎಂದಿತ್ತು. ಬಯಲಿನಲ್ಲಿ ಅದು ನಡೆದೇ ಹೋಯಿತು.

೨೦೨೩ರ ಅಕ್ಟೋಬರ್ ೭ರಂದು ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಗೆ ಬೆಂಕಿ ಬಿದ್ದು ೧೪ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿನ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು. ಆ ವರ್ಷದ ದೀಪಾವಳಿ ಬಂದುದು ನವೆಂಬರಿನಲ್ಲಿ. ಯಾರ ಅಂಗಳದಲ್ಲಿಯೂ ಹಬ್ಬದ ಒಂದು ಪಟಾಕಿ ಸಿಡಿಯುವ ಮೊದಲೇ ಅಷ್ಟು ಮನೆಗಳ ದೀಪ ಆರಿತ್ತು. ಅದಾದ ಮೇಲೆ ರಾಜ್ಯ ಸರ್ಕಾರವು ಮೆರವಣಿಗೆ, ರಾಜಕೀಯ ಸಭೆ, ಮದುವೆಗಳಲ್ಲಿ ಪಟಾಕಿಯನ್ನು ನಿಷೇಧಿಸಿ, ಹಸಿರು ಪಟಾಕಿಗೆ ಮಾತ್ರ ಅವಕಾಶವೆಂದು ಪ್ರಕಟಿಸಿತು. ಶಾಸನವು ಬಹುವೇಳೆ ಚಿತೆಯ ಬೂದಿಯಿಂದ ಏಳುವುದು. ವ್ರತವು ಚಿತೆಗೆ ಮೊದಲೇ ಏಳಬಲ್ಲುದು.

ಮೂರನೆಯದು ದೂರದೇಶದ ಮಾತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಕ್ಕೂಟ ಸರ್ಕಾರವು ಸಾಮಾನ್ಯರಿಗೆ ಮಾರುವ ನೆಲದ ಪಟಾಕಿಯಲ್ಲಿ ೫೦ ಮಿಲಿಗ್ರಾಂಗಿಂತ ಹೆಚ್ಚು ಮದ್ದು ಇರಕೂಡದೆಂದು ವಿಧಿಸಿದೆ. ಉಳಿದುದನ್ನು ಆಯಾ ರಾಜ್ಯಗಳ ಶಾಸನಸಭೆಗಳು ನಿರ್ಣಯಿಸುವುವು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಖಾಸಗಿ ಜನರು ಸುರುಸುರು ಬತ್ತಿಯನ್ನೂ ಹಚ್ಚುವಂತಿಲ್ಲ. ಆದರೆ ಅದಕ್ಕೆ ಹೊಂದಿಕೊಂಡ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಪಟಾಕಿ ಅಂಗಡಿಗಳುಂಟು. ಗಡಿ ದಾಟಿ ಕೊಂಡು ತರುವವರೂ ಉಂಟು. ಗಡಿಯ ಊರಾದ ಅತ್ತಿಬೆಲೆಯಲ್ಲಿ ಮಳಿಗೆಗಳು ಬೆಳೆದುದಕ್ಕೆ, ಅಗ್ಗಕ್ಕೆ ದೊರೆಯುವುದೆಂದು ಬೆಂಗಳೂರಿನ ಜನ ಹೊಸೂರು ರಸ್ತೆಯಲ್ಲಿ ಹೋಗುವುದಕ್ಕೆ ಕಾರಣವೂ ಇಂತಹುದೇ. ಶಾಸನಕ್ಕೆ ಗಡಿಯವರೆಗೆ ಮಾತ್ರ ಬಲ. ಮನುಷ್ಯನ ಬಯಕೆಯು ಗಡಿಯ ಕಲ್ಲನ್ನು ಗಮನಿಸುವುದಿಲ್ಲ.

ದಂಡನೆಯ ಭಯವೂ ಅಷ್ಟಕ್ಕಷ್ಟೆ. ೧೮೮೪ರ ಅಧಿನಿಯಮದ ಪ್ರಕಾರ ನಿಯಮ ಮೀರಿ ಸ್ಫೋಟಕವನ್ನು ಮಾರಿದವನಿಗೆ ಎರಡು ವರ್ಷಗಳವರೆಗಿನ ಕಾರಾಗೃಹವಾಸ, ಅಥವಾ ೩೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಇಂದಿನ ವ್ಯಾಪಾರದಲ್ಲಿ ಮೂರು ಸಾವಿರವು ಯಾರಿಗೆ ಭಾರ?

೫. ಶಾಸನಪಾಲನೆಯು ವ್ರತದ ಅಂಗವೇ

ಶಾಸನವು ಅಪೂರ್ಣವೆಂದ ಮಾತ್ರಕ್ಕೆ ಅದನ್ನು ಕಡೆಗಣಿಸಬಹುದೆಂದು ಯಾರೂ ಭಾವಿಸಬಾರದು. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದೆ. ಅವುಗಳಲ್ಲಿ ಎರಡು ಈ ಪಾಠಕ್ಕೆ ನೇರವಾಗಿ ಸಂಬಂಧಿಸಿವೆ.

ವಿರುದ್ಧರಾಜ್ಯಾತಿಕ್ರಮ ಎಂಬುದು ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ಅಕ್ರಮವಾಗಿ ಕೊಡುಕೊಳ್ಳುವುದು ಅದರ ಅರ್ಥ. ಪರವಾನಗಿಯಿಲ್ಲದ ಮಳಿಗೆಯಲ್ಲಿ ಅಗ್ಗವೆಂದು ಕೊಳ್ಳುವವನು, ಒಂದೆಡೆ ನಿಷಿದ್ಧವಾದುದನ್ನು ಇನ್ನೊಂದೆಡೆಯಿಂದ ಬಚ್ಚಿಟ್ಟು ತರುವವನು, ಅನುಮತಿಗಿಂತ ಹೆಚ್ಚಿನ ದಾಸ್ತಾನನ್ನು ಅಡಗಿಸಿಡುವವನು ತಾನು ಯಾರ ಮನೆಯ ಕನ್ನವನ್ನೂ ಕೊರೆಯಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೂ ಅವನ ಅಚೌರ್ಯವ್ರತಕ್ಕೆ ಮಲ ತಗುಲಿತು.

ಪ್ರತಿರೂಪಕವ್ಯವಹಾರ ಎಂಬುದು ಎರಡನೆಯದು. ಒಂದನ್ನು ಹೋಲುವ ಕೀಳು ವಸ್ತುವನ್ನು ಅದೇ ಎಂದು ಮಾರುವುದು ಅದರ ಅರ್ಥ. ಹಸಿರು ಪಟಾಕಿಯ ಪೊಟ್ಟಣದ ಮೇಲೆ ಗುರುತಿನ ಮುದ್ರೆಯೂ ಸಂಕೇತಚೌಕವೂ ಇರತಕ್ಕದ್ದು. ಹಳೆಯ ಸರಕಿಗೆ ಸುಳ್ಳು ಮುದ್ರೆ ಅಂಟಿಸಿ 'ಹಸಿರು' ಎಂದು ಮಾರುವುದು ಈ ಅತಿಚಾರಕ್ಕೆ ಇಂದಿನ ಉದಾಹರಣೆ. ವ್ಯಾಪಾರದಲ್ಲಿರುವ ನಮ್ಮ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆದುದರಿಂದ ಶಾಸನಪಾಲನೆಯು ಶ್ರಾವಕನಿಗೆ ಮೊದಲನೆಯ ಮೆಟ್ಟಿಲು. ಆದರೆ ಮೆಟ್ಟಿಲಿನ ಮೇಲೆಯೇ ಕುಳಿತುಬಿಡುವುದಕ್ಕಾಗಿ ಯಾರೂ ಮೆಟ್ಟಿಲನ್ನು ಕಟ್ಟುವುದಿಲ್ಲ.

೬. ಅನರ್ಥದಂಡವಿರತಿ

'ಅರ್ಥ' ಎಂದರೆ ಪ್ರಯೋಜನ. 'ದಂಡ' ಎಂದರೆ ಮನೋವಾಕ್ಕಾಯಗಳಿಂದ ಜೀವಗಳಿಗೆ ಆಗುವ ಪೀಡೆ. ಪ್ರಯೋಜನವಿಲ್ಲದೆ ಮಾಡುವ ಪೀಡೆಯು ಅನರ್ಥದಂಡ. ಅದರಿಂದ ದೂರವಾಗುವುದು ಅನರ್ಥದಂಡವಿರತಿ. ಗೃಹಸ್ಥನು ಅಡುಗೆ ಮಾಡದೆ, ಉಳುಮೆ ಮಾಡದೆ, ಮನೆ ಕಟ್ಟದೆ ಇರಲಾರನು. ಅಲ್ಲಿನ ಹಿಂಸೆಯನ್ನು ಅವನು ಯತ್ನಾಚಾರದಿಂದ ಕಡಿಮೆ ಮಾಡಬಲ್ಲನೇ ಹೊರತು ಪೂರ್ಣವಾಗಿ ಬಿಡಲಾರನು. ಆದರೆ ಯಾವುದನ್ನು ಬಿಟ್ಟರೆ ಜೀವನಕ್ಕೆ ಯಾವ ಕೊರತೆಯೂ ಬಾರದೋ ಅದನ್ನು ಬಿಡದಿರುವುದಕ್ಕೆ ನೆಪವೇನು? ಅದಕ್ಕಾಗಿಯೇ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಗುಣವ್ರತವನ್ನು ವಿಸ್ತಾರವಾಗಿ ನಿರೂಪಿಸಿರುವರು. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯಾ ಎಂದು ಅನರ್ಥದಂಡವು ಐದು ವಿಧ. ಎರಡನ್ನು ಮಾತ್ರ ಇಲ್ಲಿ ವಿವರಿಸುವೆವು.

ಹಿಂಸಾದಾನವೆಂದರೆ ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವುದು. ಆಚಾರ್ಯರು ಕೊಟ್ಟಿರುವ ಪಟ್ಟಿಯಲ್ಲಿ ಕೊಡಲಿ, ಖಡ್ಗ, ಗುದ್ದಲಿಗಳ ಜೊತೆಗೆ ಅಗ್ನಿಯೂ ಸೇರಿದೆ. ಹಬ್ಬದ ಉಡುಗೊರೆಯೆಂದು ಮಕ್ಕಳ ಕೈಗೆ ಪಟಾಕಿಯ ಪೆಟ್ಟಿಗೆಯನ್ನು ಇಡುವ ಸೋದರಮಾವನೂ ದೊಡ್ಡಪ್ಪನೂ ಕೊಡುತ್ತಿರುವುದು ಏನನ್ನು? ಸುರುಸುರು ಬತ್ತಿಯು ಎಲ್ಲಕ್ಕಿಂತ ನಿರಪಾಯಕಾರಿಯೆಂದು ಎಳೆಯ ಮಗುವಿನ ಕೈಗೆ ಕೊಡುವರು. ಅದರ ತುದಿಯ ಉಷ್ಣವು ಸಾವಿರ ಡಿಗ್ರಿಯಷ್ಟು ಏರುವುದು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲಿಯೂ ಪಟಾಕಿಯಿಂದ ಕಣ್ಣಿಗೆ ಗಾಯವಾದವರು ಬರುವರು. ಅವರಲ್ಲಿ ಮಕ್ಕಳೂ, ತಾವು ಹಚ್ಚದೆ ಸುಮ್ಮನೆ ನೋಡುತ್ತ ನಿಂತವರೂ ಇರುವರು.

ಪ್ರಮಾದಚರ್ಯೆಯೆಂದರೆ ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಆರಂಭಕ್ಕೆ ತೊಡಗಿಸುವುದು, ಗಿಡಬಳ್ಳಿಗಳನ್ನು ವ್ಯರ್ಥವಾಗಿ ಕೊಯ್ಯುವುದು ಇತ್ಯಾದಿ. ಅಗ್ನಿಕಾಯಿಕ, ವಾಯುಕಾಯಿಕ ಜೀವಗಳೂ ಜೀವಗಳೇ ಎಂಬುದು ನಮ್ಮ ಶ್ರದ್ಧೆ. ಹೂಕುಂಡ, ನೆಲಚಕ್ರ, ಬಾಣಗಳಲ್ಲಿ ಬೆಂಕಿಯನ್ನು ಹೊತ್ತಿಸುವುದೇ ಪ್ರಯೋಜನ. ಬೆಂಕಿಯಿಂದ ಬೇಯುವ ಅನ್ನವಿಲ್ಲ, ಬೆಳಗುವ ಪುಸ್ತಕವಿಲ್ಲ. ನಿಷ್ಫಲವಾದ ಅಗ್ನ್ಯಾರಂಭಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ.

ಈಗ ಶಾಸನವು ಅನುಮತಿಸಿದ ಕಾಲವನ್ನು ನಮ್ಮ ಆಚಾರದ ಬೆಳಕಿನಲ್ಲಿ ನೋಡಿರಿ. ರಾತ್ರಿ ಎಂಟರಿಂದ ಹತ್ತು. ಸೂರ್ಯಾಸ್ತಕ್ಕೆ ಮೊದಲೇ ನಮ್ಮ ಮನೆಗಳಲ್ಲಿ ಊಟ ಮುಗಿದಿರುವುದು. ರಾತ್ರಿಭೋಜನವನ್ನು ಏಕೆ ಬಿಟ್ಟಿರುವೆವು? ಕತ್ತಲೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಗಳು ಆಹಾರದಲ್ಲಿ ಬೀಳುವುವು, ದೀಪದ ಬೆಳಕಿಗೆ ಹುಳುಗಳು ಬಂದು ಸಾಯುವುವು ಎಂದಲ್ಲವೇ? ಮಳೆಗಾಲ ಮುಗಿದ ಆ ದಿನಗಳಲ್ಲಿ ದೀಪದ ಹುಳುಗಳು ಹಿಂಡುಹಿಂಡಾಗಿ ಬರುವುದನ್ನು ಎಲ್ಲರೂ ಕಂಡಿರುವರು. ಒಂದು ತುತ್ತು ಅನ್ನಕ್ಕಾಗಿ ದೀಪ ಹಚ್ಚಲು ಹಿಂಜರಿದ ಮನೆಯು ಅದೇ ರಾತ್ರಿ ಅಂಗಳದಲ್ಲಿ ಮದ್ದಿಗೆ ಬೆಂಕಿಯಿಡುವುದಾದರೆ, ಬಿಟ್ಟ ಊಟದ ಅರ್ಥವೇನು? ಶಾಸನವು ಮನುಷ್ಯನ ನಿದ್ರೆಯನ್ನು ಲೆಕ್ಕ ಹಾಕಿ ಆ ಹೊತ್ತನ್ನು ಗೊತ್ತುಪಡಿಸಿತು. ನಾಲ್ಕು ಮೀಟರ್ ದೂರದಲ್ಲಿ ಮನುಷ್ಯನ ಕಿವಿಯನ್ನಿಟ್ಟು ಸದ್ದನ್ನು ಅಳೆಯಿತು. ಗೂಡಿನಲ್ಲಿ ಬೆಚ್ಚುವ ಹಕ್ಕಿಯನ್ನೂ, ಜಗಲಿಯ ಕೆಳಗೆ ನಡುಗುವ ನಾಯಿಯನ್ನೂ, ಕೊಟ್ಟಿಗೆಯಲ್ಲಿ ಹಗ್ಗ ಜಗ್ಗುವ ಹಸುವನ್ನೂ ಲೆಕ್ಕಕ್ಕೆ ತರುವ ಹೊಣೆ ವ್ರತಿಕನದು.

೭. ಶಂಕಾ-ಸಮಾಧಾನ

ಶಂಕೆ: ಹಸಿರು ಪಟಾಕಿಯಲ್ಲಿ ದೋಷವಿಲ್ಲವೆಂದೇ ಅದಕ್ಕೆ ಅನುಮತಿಯಿದೆಯಲ್ಲವೇ?
ಸಮಾಧಾನ: ದೋಷವಿಲ್ಲವೆಂದಲ್ಲ, ದೋಷ ಕಡಿಮೆಯೆಂದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ಈ ಪಟಾಕಿಗಳಲ್ಲಿ ಹಳೆಯ ಪಟಾಕಿಗಿಂತ ಸುಮಾರು ಶೇಕಡ ೩೦ರಷ್ಟು ಕಡಿಮೆ ಧೂಳಿನ ಕಣಗಳು ಹೊರಬೀಳುವುವೆಂದು ಹೇಳಿದೆ. ಅಂದರೆ ಉಳಿದ ಶೇಕಡ ೭೦ ಉಳಿದೇ ಇದೆ. 'ಹಸಿರು' ಎಂಬುದು ಹೋಲಿಕೆಯ ಮಾತು, ಅಹಿಂಸೆಯ ಮುದ್ರೆಯಲ್ಲ.

ಶಂಕೆ: ಹಣತೆಯನ್ನು ಹಚ್ಚುವುದೂ ಅಗ್ನಿಯೇ. ಅದನ್ನೂ ಬಿಡಬೇಕೇ?
ಸಮಾಧಾನ: ಗೃಹಸ್ಥನ ದೀಪಕ್ಕೆ ಪ್ರಯೋಜನವಿದೆ, ಬೆಳಕು ಕೊಡುವುದು, ಗೌತಮಸ್ವಾಮಿಯ ಕೇವಲಜ್ಞಾನವನ್ನು ಸ್ಮರಣೆಗೆ ತರುವುದು. ಅಲ್ಲಿಯೂ ಯತ್ನಾಚಾರ ಬೇಕು. ಗಾಜಿನ ಮರೆಯಿಡುವುದು, ಅವಶ್ಯಕತೆಗಿಂತ ಹೆಚ್ಚು ದೀಪಗಳನ್ನು ಹಚ್ಚದಿರುವುದು ಒಳ್ಳೆಯದು. ದೀಪಕ್ಕೂ ಪಟಾಕಿಗೂ ಇರುವ ಅಂತರವು ಅರ್ಥಕ್ಕೂ ಅನರ್ಥಕ್ಕೂ ಇರುವ ಅಂತರ.

ಶಂಕೆ: ಎಲ್ಲರೂ ಪಟಾಕಿ ಬಿಟ್ಟರೆ ಶಿವಕಾಶಿಯ ಕಾರ್ಮಿಕರ ಗತಿಯೇನು?
ಸಮಾಧಾನ: ಇದು ದಯೆಯಿಂದ ಹುಟ್ಟಿದ ಪ್ರಶ್ನೆ, ಹಗುರವಾಗಿ ತೆಗೆದುಹಾಕತಕ್ಕದ್ದಲ್ಲ. ತಮಿಳುನಾಡಿನ ಆ ಊರು ಮಳೆ ಕಡಿಮೆಯ, ಬೇಸಾಯ ಕಷ್ಟದ ಸೀಮೆ. ದೇಶದ ಪಟಾಕಿಯ ಬಹುಪಾಲು ಅಲ್ಲಿಂದ ಬರುವುದು. ನ್ಯಾಯಾಲಯವೂ ಈ ಜೀವನೋಪಾಯವನ್ನು ತೂಗಿ ನೋಡಿಯೇ ಪೂರ್ಣ ನಿಷೇಧಕ್ಕೆ ಹೋಗಲಿಲ್ಲ. ಆದರೆ ಆ ದುಡಿಮೆಯೇ ಅವರ ಪ್ರಾಣಕ್ಕೆ ಎರವಾಗುತ್ತಿರುವುದನ್ನೂ ಕಾಣಬೇಕು. ೨೦೧೨ರ ಸೆಪ್ಟೆಂಬರ್ ೫ರಂದು ಅಲ್ಲಿಯ ಮುದಲಿಪಟ್ಟಿಯ ಕಾರ್ಖಾನೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಒಂದೇ ದಿನ ಸತ್ತರು. ಶಿವಕಾಶಿಯು ಮುದ್ರಣಕ್ಕೂ ಪ್ರಸಿದ್ಧ. ಅಲ್ಲಿ ಅಚ್ಚಾದ ಕ್ಯಾಲೆಂಡರುಗಳೂ ದಿನಚರಿಗಳೂ ನಾಡಿನ ಎಷ್ಟೋ ಮನೆಗಳಲ್ಲಿರುವುವು. ಮದ್ದಿನ ಕೈಗಳಿಗೆ ಮದ್ದಲ್ಲದ ಕೆಲಸ ದೊರೆಯುವಂತೆ ಮಾಡುವುದು ರಾಜ್ಯದ ಹೊಣೆ. ಅದನ್ನು ಒತ್ತಾಯಿಸುವುದ ರಾಜ್ಯದ ಪ್ರಜೆಯಾದ ಶ್ರಾವಕನ ಕರ್ತವ್ಯ. ಅಪಾಯದ ವಸ್ತುವನ್ನು ಕೊಳ್ಳುತ್ತಲೇ ಇರುವುದು ಅದಕ್ಕೆ ಬದಲಿಯಾಗದು.

ಶಂಕೆ: ನಾವು ಹಚ್ಚುವುದಿಲ್ಲ, ನೆರೆಯವರು ಹಚ್ಚುವುದನ್ನು ನೋಡಿ ಸಂತೋಷಪಡುವೆವು. ಅಡ್ಡಿಯಿದೆಯೇ?
ಸಮಾಧಾನ: ಕೃತ, ಕಾರಿತ, ಅನುಮೋದನ ಎಂದು ಕರ್ಮಾಸ್ರವಕ್ಕೆ ಮೂರು ದ್ವಾರಗಳು. ಶಾಸನವು ಹಚ್ಚಿದವನನ್ನೂ ಮಾರಿದವನನ್ನೂ ಹಿಡಿಯಬಲ್ಲುದು. ಚಪ್ಪಾಳೆ ತಟ್ಟಿದವನನ್ನು ಹಿಡಿಯದು. ಕರ್ಮವು ಅವನನ್ನೂ ಬಿಡದು. ಹಾಗೆಂದು ನೆರೆಯವರನ್ನು ನಿಂದಿಸುವುದೂ ಕೂಡದು. ಅದು ಇನ್ನೊಂದು ಕಷಾಯ.

೮. ನಿಯಮವನ್ನು ಸ್ವೀಕರಿಸುವ ಕ್ರಮ

ಜೀವಾವಧಿಯಾಗಿ ಬಿಡುವುದು 'ಯಮ'. ಕಾಲದ ಮಿತಿಯಿಟ್ಟು ಬಿಡುವುದು 'ನಿಯಮ'. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಶಕ್ತ್ಯನುಸಾರ ಮಿತಿಯನ್ನು ಇಟ್ಟುಕೊಳ್ಳಬಹುದು. ಶಾಸನವು ದೀಪಾವಳಿಗೆ ಎರಡು ಗಂಟೆಗಳ ಅವಕಾಶದ ಮಿತಿಯನ್ನು ಇಟ್ಟಿದೆ. ಶ್ರಾವಕನು ಆ ಎರಡು ಗಂಟೆಗಳನ್ನೂ ತ್ಯಾಗದ ಮಿತಿಯೊಳಗೆ ತಂದುಕೊಳ್ಳಬೇಕು. ಇಷ್ಟೇ ವ್ಯತ್ಯಾಸ, ಆದರೆ ಇದೇ ಎಲ್ಲ.

ಮಕ್ಕಳಿಗೆ ಬಲವಂತದಿಂದ ನಿಯಮ ಕೊಡಿಸಬಾರದು. ಬಲವಂತದಿಂದ ಬಂದುದು ಮತ್ತೊಂದು ಶಾಸನವಾಗುವುದೇ ಹೊರತು ವ್ರತವಾಗದು. ತ್ರಯೋದಶಿಗೆ ಮೊದಲೇ ಮನೆಯವರೆಲ್ಲ ಕುಳಿತು ಈ ಪಾಠವನ್ನು ಓದಿ, ಹಿರಿಯರು ಮೊದಲು ತಾವು ಸ್ವೀಕರಿಸಿ, ಮಕ್ಕಳು ತಾವಾಗಿ ಮುಂದೆ ಬಂದರೆ ಅವರಿಗೆ ಈ ವರ್ಷದ ಮಟ್ಟಿಗೆ ಮಾತ್ರ ನಿಯಮ ಕೊಡಬೇಕು. ಸಮೀಪದಲ್ಲಿ ಮುನಿಗಳಾಗಲಿ ಆರ್ಯಿಕೆಯರಾಗಲಿ ಇದ್ದರೆ ಅವರ ಸನ್ನಿಧಿಯಲ್ಲಿ, ಇಲ್ಲದಿದ್ದರೆ ಜಿನಬಿಂಬದ ಮುಂದೆ ಸ್ವೀಕರಿಸಬಹುದು. ಮಾತುಗಳು ಸರಳವಾಗಿರಲಿ:

'ಈ ದೀಪಾವಳಿಯ ಪರ್ವದಲ್ಲಿ ಸಿಡಿಮದ್ದನ್ನು ನಾನು ಕೊಳ್ಳೆನು, ಹಚ್ಚೆನು, ಇತರರಿಗೆ ಕೊಡೆನು, ಹಚ್ಚಿದವರನ್ನು ಮೆಚ್ಚೆನು.'

ಅಮಾವಾಸ್ಯೆಯ ಉಷಃಕಾಲದಲ್ಲಿ ಬಸದಿಗೆ ಹೋಗಿ ನಿರ್ವಾಣಪೂಜೆಯನ್ನು ನೆರವೇರಿಸಿ, ಲಾಡುವನ್ನು ಸಮರ್ಪಿಸಿರಿ. ಪಟಾಕಿಗೆಂದು ತೆಗೆದಿಟ್ಟ ಹಣವನ್ನು ಮಕ್ಕಳ ಕೈಯಿಂದಲೇ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಒಂದಕ್ಕೆ ವಿನಿಯೋಗಿಸಿರಿ. ಬಿಟ್ಟೆವೆಂಬ ಬರಿದಾದ ಭಾವಕ್ಕಿಂತ ಕೊಟ್ಟೆವೆಂಬ ತುಂಬಿದ ಭಾವವು ಎಳೆಯ ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದು.

ಸಾರಾಂಶ: ಶಾಸನವು ದ್ರವ್ಯ, ಕ್ಷೇತ್ರ, ಕಾಲಗಳನ್ನು ಕಟ್ಟುವುದು, ಭಾವವನ್ನು ವ್ರತವು ಕಟ್ಟುವುದು. ಶಾಸನವನ್ನು ಮೀರುವುದು ಅಚೌರ್ಯಕ್ಕೆ ಅತಿಚಾರ. ಶಾಸನದಲ್ಲಿಯೇ ತೃಪ್ತನಾಗುವುದು ಅನರ್ಥದಂಡಕ್ಕೆ ಅವಕಾಶ.

ಅಭ್ಯಾಸದ ಪ್ರಶ್ನೆಗಳು

೧. ಸ್ಫೋಟಕಗಳ ವಿಷಯವು ಸಂವಿಧಾನದ ಯಾವ ಪಟ್ಟಿಯಲ್ಲಿದೆ? ರಾಜ್ಯ ಸರ್ಕಾರಕ್ಕೆ ಯಾವ ದಾರಿಗಳಿಂದ ಅಧಿಕಾರ ಬರುವುದು?
೨. ದ್ರವ್ಯ, ಕ್ಷೇತ್ರ, ಕಾಲಗಳಿಗೆ ಸಂಬಂಧಿಸಿದ ಶಾಸನದ ಒಂದೊಂದು ಕಟ್ಟಳೆಯನ್ನು ಬರೆಯಿರಿ.
೩. ವಿರುದ್ಧರಾಜ್ಯಾತಿಕ್ರಮ ಮತ್ತು ಪ್ರತಿರೂಪಕವ್ಯವಹಾರ ಎಂದರೇನು? ಪಟಾಕಿಯ ವ್ಯಾಪಾರದಿಂದ ಉದಾಹರಣೆ ಕೊಡಿರಿ.
೪. ಅನರ್ಥದಂಡದ ಐದು ವಿಧಗಳನ್ನು ಹೆಸರಿಸಿರಿ. ಪಟಾಕಿಯ ಉಡುಗೊರೆಯು ಯಾವುದರಲ್ಲಿ ಸೇರುವುದು?
೫. ರಾತ್ರಿಭೋಜನತ್ಯಾಗಕ್ಕೂ ಪಟಾಕಿಯ ತ್ಯಾಗಕ್ಕೂ ಇರುವ ಸಂಬಂಧವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
೬. ಯಮಕ್ಕೂ ನಿಯಮಕ್ಕೂ ಇರುವ ಭೇದವೇನು? ನಿಮ್ಮ ಮನೆಯಲ್ಲಿ ಈ ವರ್ಷ ಯಾವುದನ್ನು ಸ್ವೀಕರಿಸಬಹುದು?